ಕ್ವಾಂಟಂ ಕೀಲಿ ಹಂಚಿಕೆ: ಭೌತಶಾಸ್ತ್ರದ ನಿಯಮ ಕಾಯುವುದು ಬೆಳಕನ್ನೋ, ಪೆಟ್ಟಿಗೆಯನ್ನೋ?

ಮಲೆನಾಡಿಗ

ಎಲ್ಲರಿಗೂ ನಮಸ್ಕಾರ. ನಾನು ಹಣಕಾಸು ಸಂಸ್ಥೆಯೊಂದರ ಮಾಹಿತಿ ಭದ್ರತಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಎರಡು ಡೇಟಾ ಸೆಂಟರ್‌ಗಳ ನಡುವೆ ಸುಮಾರು 60 ಕಿ.ಮೀ. ಉದ್ದದ ಫೈಬರ್ ಇದೆ. ಅದರ ಮೇಲೆ ಕ್ವಾಂಟಂ ಕೀಲಿ ಹಂಚಿಕೆಯ, ಅಂದರೆ ಗೂಢಲಿಪಿಗೆ ಬೇಕಾದ ಗುಟ್ಟಿನ ಕೀಲಿಯನ್ನು ಬೆಳಕಿನ ಒಂಟಿ ಕಣಗಳ ಮೂಲಕ ಎರಡೂ ತುದಿಗೆ ಮುಟ್ಟಿಸುವ, ಸಾಧನಗಳನ್ನು ಕೂರಿಸುವ ಪ್ರಸ್ತಾವವೊಂದು ಬಂದಿದ್ದು, ಅದನ್ನು ಪರಿಶೀಲಿಸಿ ಟಿಪ್ಪಣಿ ಬರೆಯುವ ಜವಾಬ್ದಾರಿ ನನ್ನ ಪಾಲಿಗೆ ಬಂದಿದೆ. ಪ್ರಸ್ತಾವದ ಮೊದಲ ಪುಟದಲ್ಲೇ ಈ ವ್ಯವಸ್ಥೆಯನ್ನು ಯಾರೂ ಭೇದಿಸಲಾರರು, ಏಕೆಂದರೆ ಇದಕ್ಕೆ ಭೌತಶಾಸ್ತ್ರದ ನಿಯಮವೇ ಕಾವಲು ಎಂದು ಬರೆದಿದ್ದಾರೆ. ಆದರೆ ಮಾರಾಟದಲ್ಲಿದ್ದ ಇಂಥ ಸಾಧನಗಳನ್ನೇ 2010ರಲ್ಲಿ ಸಂಶೋಧಕರು ಭೇದಿಸಿ ತೋರಿಸಿದರೆಂದೂ ಓದಿದ್ದೇನೆ. ಎರಡೂ ನಿಜವಾಗಿರಲು ಹೇಗೆ ಸಾಧ್ಯ? ನಿಯಮವೇ ಕಾವಲಿದ್ದರೆ ಕಳ್ಳ ಒಳಗೆ ಬಂದದ್ದು ಯಾವ ಬಾಗಿಲಿನಿಂದ? ಬಲ್ಲವರು ದಯವಿಟ್ಟು ವಿವರಿಸಬೇಕು.

ಲೆಕ್ಕದ ಮೇಡಂ

ನಿಮ್ಮ ಪ್ರಶ್ನೆ ಸರಿಯಾದ ಜಾಗದಿಂದಲೇ ಹೊರಟಿದೆ. ಮೊದಲು ಸಿದ್ಧಾಂತದ ಭಾಗವನ್ನು ಹೇಳಿಬಿಡುತ್ತೇನೆ, ಸಾಧನದ ಭಾಗವನ್ನು ಅದನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುವವರು ಹೇಳಲಿ.

ಈ ವಿಷಯಕ್ಕೂ ನಮ್ಮ ಬೆಂಗಳೂರಿಗೂ ನೇರ ನಂಟಿದೆ. ಚಾರ್ಲ್ಸ್ ಬೆನೆಟ್ ಮತ್ತು ಜೀಲ್ ಬ್ರಸಾರ್ ತಮ್ಮ ವಿಧಾನದ ಪ್ರಬಂಧವನ್ನು ಮಂಡಿಸಿದ್ದು 1984ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ. ಇಬ್ಬರ ಹೆಸರಿನ ಮೊದಲಕ್ಷರಕ್ಕೆ ಆ ವರ್ಷವನ್ನು ಸೇರಿಸಿ ಇಂದಿಗೂ ಅದನ್ನು ಬಿಬಿ84 ಎಂದೇ ಕರೆಯುತ್ತಾರೆ. ಕಳುಹಿಸುವವಳು ಆಲಿಸ್, ಪಡೆಯುವವನು ಬಾಬ್, ನಡುವೆ ಕದ್ದಾಲಿಸುವವಳು ಈವ್. ಆಲಿಸ್ ಪ್ರತಿಯೊಂದು ಫೋಟಾನನ್ನೂ, ಅಂದರೆ ಬೆಳಕಿನ ಕಣವನ್ನೂ, ನೇರ-ಅಡ್ಡ ಅಥವಾ ಓರೆ ಎಂಬ ಎರಡು ಜೋಡಿ ದಿಕ್ಕುಗಳಲ್ಲಿ ಒಂದನ್ನು ಮನಬಂದಂತೆ ಆರಿಸಿ ಕಳುಹಿಸುತ್ತಾಳೆ (ಜೋಡಿಯ ಒಂದು ದಿಕ್ಕು 0 ಎಂಬ ಬಿಟ್, ಇನ್ನೊಂದು 1), ಬಾಬ್ ಕೂಡ ಮನಬಂದ ಜೋಡಿಯಲ್ಲೇ ಅಳೆಯುತ್ತಾನೆ. ಆಮೇಲೆ ಇಬ್ಬರೂ ಯಾವ ಫೋಟಾನಿಗೆ ಯಾವ ಜೋಡಿಯನ್ನು ಬಳಸಿದೆವೆಂದು ಬಹಿರಂಗವಾಗಿ ಹೇಳಿಕೊಂಡು, ಹೊಂದಾಣಿಕೆಯಾದ ಬಿಟ್‌ಗಳನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಅಪರಿಚಿತ ಸ್ಥಿತಿಯಲ್ಲಿರುವ ಫೋಟಾನನ್ನು ಈವ್ ನಕಲು ಮಾಡಲಾರಳು. ಅಳೆದು ಮರಳಿ ಕಳುಹಿಸಿದರೆ ಅರ್ಧದಷ್ಟು ಬಾರಿ ತಪ್ಪು ಜೋಡಿಯಲ್ಲಿ ಅಳೆದಿರುತ್ತಾಳಾದ್ದರಿಂದ, ಉಳಿದ ಬಿಟ್‌ಗಳಲ್ಲಿ ಶೇ. 25ರಷ್ಟು ದೋಷ ಕಾಣಿಸಿಕೊಳ್ಳುತ್ತದೆ. ದೋಷ ಸುಮಾರು ಶೇ. 11ರೊಳಗೆ ಇದ್ದರೆ ಸೋರಿರಬಹುದಾದ ಅಂಶವನ್ನು ಗಣಿತದಿಂದ ಹಿಂಡಿ ತೆಗೆದು ಗುಟ್ಟಾದ ಕೀಲಿಯನ್ನು ಪಡೆಯಬಹುದೆಂದು ಸಾಧಿಸಲಾಗಿದೆ.

ಗಣಿತದ ಈ ಪುರಾವೆ ಗಟ್ಟಿಯಾದದ್ದೇ. ಆದರೆ ಗಣಿತದ ಯಾವ ಪುರಾವೆಯೂ "ಹೀಗಿದ್ದರೆ" ಎಂಬ ಮಾತಿನಿಂದಲೇ ಆರಂಭವಾಗುತ್ತದೆ. ಇಲ್ಲಿನ "ಹೀಗಿದ್ದರೆ" ಎಂದರೆ ಆಲಿಸ್ ಒಂದೊಂದೇ ಫೋಟಾನನ್ನು ಕಳುಹಿಸಬೇಕು, ಬಾಬ್‌ನ ಡಿಟೆಕ್ಟರ್ ಒಂಟಿ ಫೋಟಾನಿಗೆ ಮಾತ್ರ ಓಗೊಡಬೇಕು, ಇಬ್ಬರ ಕೊಠಡಿಯಿಂದಲೂ ಏನೂ ಹೊರಗೆ ಸೋರಬಾರದು ಎಂಬುದು. ಇವು ನಿಸರ್ಗದ ನಿಯಮಗಳಲ್ಲ, ಕಾರ್ಖಾನೆಯಲ್ಲಿ ಜೋಡಿಸಿದ ವಸ್ತುಗಳ ಬಗ್ಗೆ ನಾವು ಇಟ್ಟುಕೊಂಡ ನಂಬಿಕೆಗಳು.

ಇದು ಮೊದಲ ದಿನದಿಂದಲೂ ಗೊತ್ತಿದ್ದ ಮಾತು. 1989ರಲ್ಲಿ ಬೆನೆಟ್ ಮತ್ತು ಸಂಗಡಿಗರು ಕಟ್ಟಿದ ಮೊದಲ ಯಂತ್ರದಲ್ಲಿ ಬೆಳಕು ಸಾಗಿದ ದೂರ ಸುಮಾರು 32 ಸೆಂ.ಮೀ. ಅದರ ವಿದ್ಯುತ್ ಪೂರೈಕೆಯ ಘಟಕಗಳು ಫೋಟಾನಿನ ದಿಕ್ಕನ್ನು ತಿರುಗಿಸುವಾಗ ಸದ್ದು ಮಾಡುತ್ತಿದ್ದವು, ಯಾವ ದಿಕ್ಕಿಗೆ ಯಾವ ಸದ್ದು ಎಂಬುದು ಕಿವಿಗೆ ಗೊತ್ತಾಗುವಷ್ಟು ಬೇರೆಬೇರೆಯಾಗಿತ್ತು. ಕಿವುಡನಾದ ಕಳ್ಳನಿಂದ ಮಾತ್ರ ಅದು ಪೂರ್ತಿ ಸುರಕ್ಷಿತವಾಗಿತ್ತೆಂದು ಬ್ರಸಾರ್ ಅವರೇ ಮುಂದೆ ಬರೆದುಕೊಂಡಿದ್ದಾರೆ. ಮೂವತ್ತೈದು ವರ್ಷ ದಾಟಿದರೂ ವಿಷಯದ ತಿರುಳು ಅದೇ. ಫೋಟಾನ್ ಗುಟ್ಟನ್ನು ಕಾಯುತ್ತದೆ, ಗುಟ್ಟು ಬಿಟ್ಟುಕೊಡುವುದು ಅದರ ಪಕ್ಕದಲ್ಲಿರುವ ಯಂತ್ರ.

ಕಿರಣಮಾಪಕ

ಮೇಡಂ ಸೊಗಸಾಗಿ ವಿವರಿಸಿದ್ದಾರೆ. ನಾನು ಒಂಟಿ ಫೋಟಾನ್ ಡಿಟೆಕ್ಟರ್‌ಗಳೊಡನೆ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನಾದ್ದರಿಂದ 2010ರ ದಾಳಿಯ ಒಳಗುಟ್ಟನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಇದೊಂದನ್ನು ಅರ್ಥಮಾಡಿಕೊಂಡರೆ ಉಳಿದವೆಲ್ಲ ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಫೈಬರಿನಲ್ಲಿ ಬಳಸುವ 1550 ನ್ಯಾನೋಮೀಟರ್ ಬೆಳಕಿಗೆ ಸಾಮಾನ್ಯವಾಗಿ ಇಂಡಿಯಂ ಗ್ಯಾಲಿಯಂ ಆರ್ಸನೈಡ್‌ನ ಅವಲಾಂಚ್ ಫೋಟೊಡಯೋಡನ್ನು ಹಾಕುತ್ತಾರೆ. ಅದಕ್ಕೆ ತಡೆಯಲಾರದಷ್ಟು, ಅಂದರೆ ಬ್ರೇಕ್‌ಡೌನ್ ಮಿತಿಗಿಂತ ತುಸು ಮೇಲಿನ ವೋಲ್ಟೇಜನ್ನು ತಿರುವುಮುರುವಾಗಿ ಕೊಟ್ಟು ನಿಲ್ಲಿಸುತ್ತಾರೆ. ಆ ಸ್ಥಿತಿಯಲ್ಲಿ ಒಂದೇ ಒಂದು ಫೋಟಾನ್ ಬಿದ್ದು ಒಂದು ಎಲೆಕ್ಟ್ರಾನ್ ಎದ್ದರೂ ಸಾಕು, ಅದು ಹತ್ತನ್ನು, ಹತ್ತು ನೂರನ್ನು ಎಬ್ಬಿಸಿ ಅಳೆಯಬಹುದಾದ ಕರೆಂಟ್ ಹರಿಯುತ್ತದೆ. ಇದೇ ಒಂದು "ಕ್ಲಿಕ್". ಬೆಳಕೇ ಇಲ್ಲದಿದ್ದರೂ ಉಷ್ಣದಿಂದಾಗಿ ಆಗಾಗ ಒಂದು ಸುಳ್ಳು ಕ್ಲಿಕ್ ಬರುತ್ತದೆ. ನಾವು ಅದನ್ನು ಡಾರ್ಕ್ ಕೌಂಟ್ ಎನ್ನುತ್ತೇವೆ. ಅದನ್ನು ತಗ್ಗಿಸಲೆಂದೇ ಡಯೋಡನ್ನು ಸೊನ್ನೆಗಿಂತ ಬಹಳ ಕೆಳಗಿನ ತಾಪಮಾನದಲ್ಲಿ ಇಡುತ್ತೇವೆ.

ಈಗ ಈ ಡಿಟೆಕ್ಟರಿಗೆ ಮಿಲಿವ್ಯಾಟ್ ಮಟ್ಟದ ನಿರಂತರ ಲೇಸರ್ ಬೆಳಕನ್ನು ಬಿಡಿ. ಬೆಳಕನ್ನು ಮಂದಗೊಳಿಸುವ ಅಟೆನ್ಯುಯೇಟರನ್ನು ನಿಧಾನವಾಗಿ ಸಡಿಲಿಸುತ್ತ ಹೋದಂತೆ ಪರದೆಯ ಮೇಲಿನ ಎಣಿಕೆ ಮೊದಲು ಏರುತ್ತದೆ, ಏರಿ ಏರಿ ತುಂಬಿ ನಿಲ್ಲುತ್ತದೆ, ಇನ್ನೂ ಸ್ವಲ್ಪ ಸಡಿಲಿಸಿದರೆ ಕುಸಿದು ಸೊನ್ನೆಗೆ ಬಂದು ನಿಂತುಬಿಡುತ್ತದೆ. ಡಾರ್ಕ್ ಕೌಂಟ್ ಕೂಡ ಇರುವುದಿಲ್ಲ. ಮೊದಲ ಸಲ ನೋಡಿದಾಗ ನಾನು ಕನೆಕ್ಟರ್ ಬಿಟ್ಟುಹೋಯಿತೆಂದೇ ತಿಳಿದು ಅದನ್ನು ಒರೆಸಿ ಮತ್ತೆ ಹಾಕಿದ್ದೆ. ಅಷ್ಟು ಬೆಳಕು ಬಿದ್ದಿರುವಾಗ ಡಿಟೆಕ್ಟರ್ ಏನನ್ನೂ ಕಾಣುತ್ತಿಲ್ಲವೆಂಬುದನ್ನು ಮನಸ್ಸು ಒಪ್ಪುವುದಿಲ್ಲ. ಆಗಿರುವುದಿಷ್ಟೆ: ಎಡೆಬಿಡದೆ ಹರಿಯುವ ಕರೆಂಟ್, ಡಯೋಡಿಗೆ ವೋಲ್ಟೇಜ್ ಕೊಡುವ ದಾರಿಯಲ್ಲಿರುವ ಬಯಾಸ್ ರೆಸಿಸ್ಟರಿನಲ್ಲಿ ವೋಲ್ಟೇಜನ್ನು ತಿಂದುಹಾಕಿದೆ, ಡಯೋಡಿಗೆ ಉಳಿದ ವೋಲ್ಟೇಜ್ ಬ್ರೇಕ್‌ಡೌನ್ ಮಿತಿಗಿಂತ ಕೆಳಗಿಳಿದಿದೆ. ಈಗ ಅದು ಒಂಟಿ ಫೋಟಾನಿನ ಡಿಟೆಕ್ಟರಲ್ಲ, ಮಾಮೂಲಿ ಫೋಟೊಡಯೋಡ್. ನಿಗದಿತ ಮಟ್ಟಕ್ಕಿಂತ ಪ್ರಖರವಾದ ಮಿಡಿತ ಬಂದರೆ ಕ್ಲಿಕ್ ಎನ್ನುತ್ತದೆ, ಕಡಿಮೆಯಾದರೆ ಸುಮ್ಮನಿರುತ್ತದೆ.

ಈವ್‌ಗೆ ಬೇಕಾದದ್ದೂ ಇದೇ. ಅವಳು ಆಲಿಸ್ ಕಳುಹಿಸಿದ ಫೋಟಾನುಗಳನ್ನು ತನಗೆ ತೋಚಿದ ಜೋಡಿಯಲ್ಲಿ ಅಳೆದು, ಸಿಕ್ಕ ಉತ್ತರವನ್ನೇ ಪ್ರಖರವಾದ ಮಿಡಿತದಲ್ಲಿ ತುಂಬಿ ಬಾಬ್‌ಗೆ ರವಾನಿಸುತ್ತಾಳೆ. ಮಿಡಿತದ ಪ್ರಖರತೆಯನ್ನು ಕ್ಲಿಕ್ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ ಇಟ್ಟಿರುತ್ತಾಳೆ. ಬಾಬ್ ಅದೇ ಜೋಡಿಯನ್ನು ಆರಿಸಿದ್ದರೆ ಇಡೀ ಮಿಡಿತ ಒಂದೇ ಡಿಟೆಕ್ಟರಿಗೆ ಹೋಗಿ ಕ್ಲಿಕ್ ಆಗುತ್ತದೆ. ಬೇರೆ ಜೋಡಿಯನ್ನು ಆರಿಸಿದ್ದರೆ ಮಿಡಿತ ಎರಡು ಡಿಟೆಕ್ಟರುಗಳಿಗೆ ಅರ್ಧರ್ಧ ಹಂಚಿಹೋಗಿ ಎರಡೂ ಸುಮ್ಮನಿರುತ್ತವೆ. ಹೀಗಾಗಿ ಈವ್ ಅಳೆದ ಜೋಡಿಯಲ್ಲಲ್ಲದೆ ಬಾಬ್‌ಗೆ ಕ್ಲಿಕ್ಕೇ ದೊರೆಯುವುದಿಲ್ಲ. ಮೇಡಂ ಹೇಳಿದ ಶೇ. 25ರ ದೋಷ ಎಲ್ಲಿಯೂ ಹುಟ್ಟುವುದಿಲ್ಲ. ಅರ್ಧದಷ್ಟು ಮಿಡಿತಗಳು ಕಳೆದುಹೋಗುತ್ತವೆ, ಆದರೆ ಫೈಬರಿನಲ್ಲಿ ಅದಕ್ಕಿಂತ ಹೆಚ್ಚು ಫೋಟಾನುಗಳು ಹೇಗೂ ಕಳೆದುಹೋಗುವುದರಿಂದ ಅದು ಲೆಕ್ಕಕ್ಕೇ ಬರುವುದಿಲ್ಲ. ಕೊನೆಯಲ್ಲಿ ಆಲಿಸ್, ಬಾಬ್ ಮತ್ತು ಈವ್ ಮೂವರ ಬಳಿಯೂ ಒಂದೇ ಕೀಲಿ.

ನಾರ್ವೆಯ ಟ್ರಾಂಡೈಮ್‌ನಲ್ಲಿ ವಾಡಿಮ್ ಮಕರೊವ್, ಲಾರ್ಸ್ ಲಿಡರ್ಸನ್ ಮತ್ತಿತರರು ಜರ್ಮನಿಯ ಸಂಶೋಧಕರ ಜೊತೆಗೂಡಿ ಮಾರುಕಟ್ಟೆಯ ಎರಡು ಸಾಧನಗಳಲ್ಲಿ ಈ ದೌರ್ಬಲ್ಯವಿದೆಯೆಂದು 2010ರಲ್ಲಿ ತೋರಿಸಿದರು. ತಯಾರಕರಿಗೆ ಮೊದಲೇ ತಿಳಿಸಿ, ಆಮೇಲೆ ಪ್ರಕಟಿಸಿದರು. ಮರುವರ್ಷ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಆವರಣದಲ್ಲಿ 290 ಮೀಟರ್ ಫೈಬರಿನ ಮೇಲೆ, ಪ್ರಯೋಗಕ್ಕೆಂದು ಕಟ್ಟಿದ ವ್ಯವಸ್ಥೆಯೊಂದರಿಂದ ಇಡೀ ಕೀಲಿಯನ್ನು ಕದ್ದೂ ತೋರಿಸಲಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಎನ್ನುತ್ತಾರಲ್ಲ, ಹಾಗೆ. ಕಳ್ಳನನ್ನು ಹಿಡಿಯಲೆಂದು ಇಟ್ಟ ಡಿಟೆಕ್ಟರೇ ಕಳ್ಳನ ಕೈಗೊಂಬೆಯಾಯಿತು.

ಹಳೇ ಟೆಲಿಕಾಂ

ಮೂವತ್ತು ವರ್ಷ ಫೈಬರ್ ಹಾಸಿ, ಜೋಡಿಸಿ, ಕಾಯ್ದುಕೊಂಡು ನಿವೃತ್ತನಾದವನು ನಾನು. ನನಗೆ ಒಂದು ಸಂಶಯವಿದೆ, ಕಿರಣಮಾಪಕರೇ. ಮ್ಯಾನ್‌ಹೋಲಿನಲ್ಲಿ ಫೈಬರನ್ನು ಕತ್ತರಿಸಿ ಸ್ಪ್ಲೈಸ್ ಮಾಡುವುದು ಕಷ್ಟದ ಕೆಲಸವಲ್ಲ. ಮಣ್ಣು ಅಗೆಯುವ ಯಂತ್ರ ಕಡಿದ ಕೇಬಲನ್ನು ಮಳೆಯಲ್ಲಿ ಟಾರ್ಪಾಲಿನ ಕೆಳಗೆ ಕುಳಿತು ಜೋಡಿಸಿದ ದಿನಗಳು ನಮಗೆಷ್ಟೋ. ಹಾಗಾಗಿ ನಡುವೆ ನುಗ್ಗುವುದು ಅಸಾಧ್ಯವೆಂದು ನಾನು ಹೇಳಲಾರೆ. ಆದರೆ ಫೋಟಾನು ಫೋಟಾನನ್ನು ಎಣಿಸುವ ತಂತಿಯಲ್ಲಿ ಮಿಲಿವ್ಯಾಟ್ ಬೆಳಕು ಬರುತ್ತಿದ್ದರೆ, ಬಾಬ್‌ನ ಪೆಟ್ಟಿಗೆಯ ಬಾಯಲ್ಲೇ ಒಂದು ಮಾಮೂಲಿ ಪವರ್ ಮೀಟರ್ ಇಟ್ಟು ಹಿಡಿಯಬಹುದಲ್ಲವೇ? ನಾವು ಪ್ರತಿ ಲಿಂಕಿಗೂ ಹಾಗೆ ಅಳೆಯುತ್ತಿದ್ದೆವು. ಇಷ್ಟು ಸರಳವಾದದ್ದನ್ನು ಮೊದಲೇ ಏಕೆ ಮಾಡಲಿಲ್ಲ?

ಕಿರಣಮಾಪಕ

ರಾಯರೇ, ಎಲ್ಲರೂ ಮೊದಲು ಯೋಚಿಸಿದ್ದೂ ಅದನ್ನೇ, ಇಂದಿನ ಒಳ್ಳೆಯ ಸಾಧನಗಳಲ್ಲಿ ಅಂಥ ಕಾವಲು ಇದ್ದೇ ಇರುತ್ತದೆ. ಬಾಯಲ್ಲಿ ಪವರ್ ಮೀಟರ್ ಇಡುವುದು ಒಂದು ದಾರಿ. ಡಯೋಡಿನ ಮೂಲಕ ಹರಿಯುವ ಸರಾಸರಿ ಕರೆಂಟನ್ನೇ ಸದಾ ಅಳೆಯುತ್ತಿರುವುದು ಇನ್ನೊಂದು, ನನ್ನ ಅನುಭವದಲ್ಲಿ ಮೊದಲನೆಯದಕ್ಕಿಂತ ಇದು ಮೇಲು. ಕೇಂಬ್ರಿಜ್‌ನ ತೋಷಿಬಾ ಪ್ರಯೋಗಾಲಯದವರು 2010ರಲ್ಲೇ ಈ ಕರೆಂಟಿನ ವಾದವನ್ನು ಮುಂದಿಟ್ಟು, ಬಯಾಸ್ ರೆಸಿಸ್ಟರನ್ನು ಸರಿಯಾಗಿ ಆರಿಸಿದರೆ ಡಿಟೆಕ್ಟರ್ ಕುರುಡಾಗುವುದೇ ಇಲ್ಲವೆಂದರು. ದಾಳಿಯ ತಂಡ ಅದಕ್ಕೆ ಉತ್ತರ ಕೊಟ್ಟಿತು. ರೆಸಿಸ್ಟರಿನ ನೆರವಿಲ್ಲದೆಯೂ, ಬೆಳಕಿನಿಂದ ಡಯೋಡನ್ನು ಬಿಸಿಮಾಡಿ ಬ್ರೇಕ್‌ಡೌನ್ ಮಿತಿಯನ್ನೇ ಮೇಲಕ್ಕೇರಿಸಿ ಕುರುಡಾಗಿಸಬಹುದೆಂದು ತೋರಿಸಿತು.

ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎಂಬ ಗಾದೆಯೇ ಈ ಕ್ಷೇತ್ರದ ಚರಿತ್ರೆ. ಡಿಟೆಕ್ಟರಿನ ಸಂವೇದನೆಯನ್ನು ಆಗಾಗ ಯದ್ವಾತದ್ವಾ ಬದಲಾಯಿಸಿ, ಕ್ಲಿಕ್ಕುಗಳ ಸಂಖ್ಯೆಯೂ ಅದಕ್ಕೆ ತಕ್ಕಂತೆ ಬದಲಾಗುತ್ತಿದೆಯೇ ಎಂದು ನೋಡುವ ಉಪಾಯವೊಂದು ಬಂತು. ಸಾಧನದಲ್ಲಿ ಅಳವಡಿಸಿದ್ದ ರೂಪದಲ್ಲಿ ಅದು ಸಾಲದೆಂದು 2016ರಲ್ಲಿ ತೋರಿಸಿದರು. ಇನ್ನು ನೀವು ಹೇಳಿದ ಪವರ್ ಮೀಟರ್. ಅದನ್ನೇ ಶಕ್ತಿಶಾಲಿ ಲೇಸರಿನಿಂದ ಸುಟ್ಟು ಮಂದಗೊಳಿಸಬಹುದು. ಅದೇ 2016ರ ಇನ್ನೊಂದು ಪ್ರಯೋಗದಲ್ಲಿ ಸಾಧನವೊಂದರ ಒಳಬರುವ ಬೆಳಕನ್ನು ಕಾಯುವ ಫೋಟೊಡಯೋಡನ್ನು ಹೀಗೆ ಕೆಡಿಸಿದರು. ಬಯಲಿನಲ್ಲಿ ಬೆಳಕು ಕಳುಹಿಸುವ ಮತ್ತೊಂದು ವ್ಯವಸ್ಥೆಯಲ್ಲಿ ವಾರೆಯಾಗಿ ಬರುವ ಬೆಳಕನ್ನು ತಡೆಯಲೆಂದು ಇಟ್ಟ ಸೂಜಿರಂಧ್ರದ ಫಲಕವನ್ನು ದೂರದಿಂದಲೇ ಕರಗಿಸಿ ರಂಧ್ರವನ್ನು ಹಿಗ್ಗಿಸಿದರು. ಇದರಿಂದ ನಾನು ಕಲಿತದ್ದು, ಕಾವಲಿನ ಭಾಗ ಇದೆಯೇ ಎಂದು ಕೇಳಿದರೆ ಸಾಲದು, ಅದು ಕೆಟ್ಟಾಗ ಇಡೀ ವ್ಯವಸ್ಥೆ ನಿಲ್ಲುತ್ತದೆಯೋ ಇಲ್ಲವೇ ಏನೂ ಆಗದಂತೆ ಕೀಲಿಗಳನ್ನು ಕೊಡುತ್ತಲೇ ಇರುತ್ತದೆಯೋ ಎಂದು ಕೇಳಬೇಕು.

ಏಕೆ ಮೊದಲೇ ಮಾಡಲಿಲ್ಲ ಎಂಬುದಕ್ಕೆ ಉತ್ತರ: ಗಣಿತದ ಪುರಾವೆಯಲ್ಲಿ ಬಾಬ್‌ಗೆ ಪ್ರಖರ ಬೆಳಕು ಬರುವ ಸಂದರ್ಭವೇ ಇರಲಿಲ್ಲ. ಬರೆದ ಪುರಾವೆಯನ್ನು ಓದಿ ಪೆಟ್ಟಿಗೆ ಕಟ್ಟಿದವರಿಗೆ ಅದು ಹೊಳೆಯಲಿಲ್ಲ. ಡಿಟೆಕ್ಟರುಗಳನ್ನು ಬಿಚ್ಚಿ ನೋಡಿದವರಿಗೆ ಹೊಳೆಯಿತು.

ಗೂಢಲಿಪಿ

ಇಷ್ಟೆಲ್ಲ ಓದಿದ ಮೇಲೆ ನಾನು ಬಹುಕಾಲದಿಂದ ಹೇಳುತ್ತಿರುವ ಮಾತನ್ನೇ ಮತ್ತೆ ಹೇಳಬೇಕಾಗಿದೆ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ತನ್ನ ದೇಶದ ಸೂಕ್ಷ್ಮ ವ್ಯವಸ್ಥೆಗಳಿಗೆ ಕ್ವಾಂಟಂ ಕೀಲಿ ಹಂಚಿಕೆಯನ್ನು ಶಿಫಾರಸು ಮಾಡುವುದಿಲ್ಲ. ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್ ಮತ್ತು ಸ್ವೀಡನ್ ದೇಶಗಳ ಭದ್ರತಾ ಸಂಸ್ಥೆಗಳೂ 2024ರ ಜನವರಿಯಲ್ಲಿ ಒಟ್ಟಾಗಿ, ಆದ್ಯತೆ ಕ್ವಾಂಟಮೋತ್ತರ ಗೂಢಲಿಪಿಗೆ, ಅಂದರೆ ಕ್ವಾಂಟಂ ಕಂಪ್ಯೂಟರಿಗೂ ಬಿಡಿಸಲು ಕಷ್ಟವಾಗುವಂಥ ಗಣಿತದ ಮೇಲೆ ಕಟ್ಟಿದ ಗೂಢಲಿಪಿಗೆ, ಇರಲಿ ಎಂದಿವೆ. ಅದರ ಮೊದಲ ಮೂರು ಮಾನಕಗಳು 2024ರ ಆಗಸ್ಟ್‌ನಲ್ಲಿ ಅಮೆರಿಕದ ನಿಸ್ಟ್ ಸಂಸ್ಥೆಯಿಂದ ಹೊರಬಂದಿವೆ. ಅದಕ್ಕೆ ವಿಶೇಷ ಫೈಬರ್ ಬೇಡ, ಡಿಟೆಕ್ಟರ್ ಬೇಡ, ಸಾಫ್ಟ್‌ವೇರ್ ಬದಲಾಯಿಸಿದರಾಯಿತು. ಅಲ್ಲದೆ ಆ ತುದಿಯಲ್ಲಿರುವವನು ಬಾಬ್‌ನೇ ಎಂದು ಖಾತ್ರಿಪಡಿಸುವ ಕೆಲಸವನ್ನು ಕ್ವಾಂಟಂ ಮಾಡಿಕೊಡುವುದಿಲ್ಲ. ಅದಕ್ಕೆ ಮೊದಲೇ ಹಂಚಿಕೊಂಡ ಗುಟ್ಟೋ ಡಿಜಿಟಲ್ ಸಹಿಯೋ ಬೇಕೇ ಬೇಕು. ಹಾಗಿದ್ದ ಮೇಲೆ ಮಲೆನಾಡಿಗರ ಸಂಸ್ಥೆ ಈ ಖರ್ಚನ್ನು ಏಕೆ ಮಾಡಬೇಕು?

ಲೆಕ್ಕದ ಮೇಡಂ

ಗೂಢಲಿಪಿಯವರ ಮಾತಿನಲ್ಲಿ ಹುರುಳಿದೆ. ದೃಢೀಕರಣದ ವಿಷಯವಂತೂ ನೂರಕ್ಕೆ ನೂರು ನಿಜ. ಆದರೆ ಗಣಿತವನ್ನು ನಂಬಿದ ಗೂಢಲಿಪಿಯೂ ಕೊನೆಗೆ ಒಂದು ಚಿಪ್ಪಿನ ಮೇಲೆಯೇ ಓಡಬೇಕು. ಕೈಬರ್ ಎಂಬ ಕ್ವಾಂಟಮೋತ್ತರ ವಿಧಾನದ ಹಲವು ಅಳವಡಿಕೆಗಳಲ್ಲಿ ಭಾಗಾಕಾರಕ್ಕೆ ಹಿಡಿಯುವ ಸಮಯದಿಂದಲೇ ಗುಟ್ಟಿನ ಕೀಲಿ ಸೋರುತ್ತಿದ್ದುದು 2023ರಲ್ಲಿ ಪತ್ತೆಯಾಯಿತು. ಸಾಧನದ ಸೋರಿಕೆ ಎರಡು ಪಂಗಡಕ್ಕೂ ಸಮಾನ. ವ್ಯತ್ಯಾಸವೆಂದರೆ ಅಲ್ಲಿ ಒಂದು ಸಾಫ್ಟ್‌ವೇರ್ ತಿದ್ದುಪಡಿ ಸಾಕು, ಇಲ್ಲಿ ಪೆಟ್ಟಿಗೆಯನ್ನೇ ಬಿಚ್ಚಬೇಕಾಗಬಹುದು. ಇನ್ನೊಂದು ವ್ಯತ್ಯಾಸವೂ ಉಂಟು. ಇಂದು ರೆಕಾರ್ಡ್ ಮಾಡಿಟ್ಟ ಗೂಢಸಂದೇಶವನ್ನು ಮೂವತ್ತು ವರ್ಷದ ನಂತರ ಹೊಸ ಗಣಿತದಿಂದ ಬಿಡಿಸಬಹುದು. ಕ್ವಾಂಟಂ ಕೀಲಿ ಹಂಚಿಕೆಯ ಮೇಲಿನ ದಾಳಿ ಮಾತ್ರ ಕೀಲಿ ಹಂಚಿಕೆಯಾಗುವ ಆ ಕ್ಷಣದಲ್ಲೇ ನಡೆಯಬೇಕು. ಹಾಗಾಗಿ ನಾನಾದರೆ ಎರಡನ್ನೂ ಬೆರೆಸಿ, ಎರಡೂ ಒಟ್ಟಿಗೆ ಮುರಿದರೆ ಮಾತ್ರ ಸೋಲುವಂತೆ ಕಟ್ಟಿ ಎನ್ನುತ್ತೇನೆ.

ಚಾಪೆ-ರಂಗೋಲಿಯ ಆಟದಿಂದ ಹೊರಬರುವ ದಾರಿಯನ್ನೂ ಇಲ್ಲಿ ಹೇಳಬೇಕು. ಒಂದೊಂದು ರಂಧ್ರವನ್ನು ಮುಚ್ಚುತ್ತ ಕೂರುವ ಬದಲು, ರಂಧ್ರಗಳ ಒಂದು ಇಡೀ ಜಾತಿಯನ್ನೇ ಲೆಕ್ಕದಿಂದ ಹೊರಗಿಡುವ ಉಪಾಯವನ್ನು 2012ರಲ್ಲಿ ಹೋಯ್-ಕ್ವಾಂಗ್ ಲೋ, ಮಾರ್ಕೋಸ್ ಕರ್ಟಿ, ಬಿಂಗ್ ಚೀ ಮುಂದಿಟ್ಟರು. ಅದರಲ್ಲಿ ಬಾಬ್ ಅಳೆಯುವುದೇ ಇಲ್ಲ. ಆಲಿಸ್ ಮತ್ತು ಬಾಬ್ ಇಬ್ಬರೂ ಬೆಳಕನ್ನು ಕಳುಹಿಸುತ್ತಾರೆ, ನಡುದಾರಿಯ ಒಂದು ಠಾಣೆಯಲ್ಲಿ ಎರಡೂ ಬೆಳಕು ಕೂಡಿ, ಅವುಗಳ ಸಂಬಂಧವನ್ನು ಮಾತ್ರ ಅಳೆದು ಬಹಿರಂಗವಾಗಿ ಸಾರಲಾಗುತ್ತದೆ. ಇಬ್ಬರ ಬಿಟ್‌ಗಳು ಒಂದೇಯೋ ಬೇರೆಯೋ ಎಂಬುದು ಗೊತ್ತಾಗುತ್ತದೆಯೇ ಹೊರತು ಬಿಟ್ ಯಾವುದೆಂದು ಗೊತ್ತಾಗುವುದಿಲ್ಲ. ಆದ್ದರಿಂದ ಆ ಠಾಣೆಯನ್ನು ಈವ್‌ನ ಕೈಗೇ ಒಪ್ಪಿಸಿದರೂ, ಅವಳು ಡಿಟೆಕ್ಟರುಗಳನ್ನು ಕುರುಡಾಗಿಸಿದರೂ ಕೀಲಿ ಸೋರುವುದಿಲ್ಲ. ಸುಳ್ಳು ಹೇಳಿದರೆ ದೋಷವಾಗಿ ಹೊರಬೀಳುತ್ತದೆ. 2016ರಲ್ಲಿ ಈ ವಿಧಾನವನ್ನು 404 ಕಿ.ಮೀ. ಫೈಬರಿನ ಮೇಲೆ ಚೀನಾದಲ್ಲಿ ನಡೆಸಿ ತೋರಿಸಿದ್ದಾರೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಚೆಲುವಾದ ಯೋಚನೆ ಇದು.

ಇದನ್ನೂ ಮೀರಿ, ಎರಡೂ ತುದಿಯ ಯಂತ್ರಗಳನ್ನು ನಂಬದೆ, ಬೆಲ್ ಅಸಮಾನತೆಯ (ಕ್ವಾಂಟಂ ನಂಟಿಲ್ಲದ ಎರಡು ಯಂತ್ರಗಳ ಉತ್ತರಗಳು ಎಷ್ಟರಮಟ್ಟಿಗೆ ತಾಳೆಯಾಗಬಹುದೆಂಬ ಮಿತಿಯ) ಉಲ್ಲಂಘನೆಯನ್ನೇ ಸಾಕ್ಷಿಯಾಗಿ ತೆಗೆದುಕೊಳ್ಳುವ ವಿಧಾನವಿದೆ. ಆಕ್ಸ್‌ಫರ್ಡ್‌ನಲ್ಲಿ 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸುಮಾರು 2 ಮೀಟರ್ ಅಂತರದ ಎರಡು ಅಯಾನುಗಳಿಂದ 8 ಗಂಟೆಗಳಲ್ಲಿ ಸುಮಾರು 95 ಸಾವಿರ ಬಿಟ್ ಕೀಲಿ ಬಂತು. 60 ಕಿ.ಮೀ. ದೂರಕ್ಕೆ ಅದಿನ್ನೂ ಬಹಳ ದೂರದ ಮಾತು.

ಕಿರಣಮಾಪಕ

ಮೇಡಂ ಹೇಳಿದ ನಡುದಾರಿಯ ಠಾಣೆಯಿಂದ ಡಿಟೆಕ್ಟರಿನ ಚಿಂತೆ ಹೋಗುತ್ತದೆ, ಕಳುಹಿಸುವ ತುದಿಯ ಚಿಂತೆ ಉಳಿಯುತ್ತದೆ.

ಮೊದಲನೆಯದಾಗಿ, ಹೆಚ್ಚಿನ ಸಾಧನಗಳಲ್ಲಿ ಒಂಟಿ ಫೋಟಾನಿನ ಆಕರವೇ ಇರುವುದಿಲ್ಲ, ಮಂದಗೊಳಿಸಿದ ಲೇಸರ್ ಇರುತ್ತದೆ. ಮಿಡಿತಕ್ಕೆ ಸರಾಸರಿ 0.5 ಫೋಟಾನ್ ಎಂದಿಟ್ಟುಕೊಂಡರೆ, ಖಾಲಿಯಲ್ಲದ ಮಿಡಿತಗಳಲ್ಲಿ ಸುಮಾರು ಶೇ. 23ರಲ್ಲಿ ಎರಡೋ ಹೆಚ್ಚೋ ಫೋಟಾನುಗಳಿರುತ್ತವೆ. ಈವ್ ಒಂದನ್ನು ಕಿತ್ತಿಟ್ಟುಕೊಂಡು ಉಳಿದದ್ದನ್ನು ಮುಂದೆ ಬಿಟ್ಟರೆ ಯಾವ ದೋಷವೂ ಕಾಣುವುದಿಲ್ಲ. ಇದಕ್ಕೆ ಬೇರೆಬೇರೆ ಪ್ರಖರತೆಯ ಹುಸಿ ಮಿಡಿತಗಳನ್ನು ನಡುನಡುವೆ ಬೆರೆಸುವ ಉಪಾಯವನ್ನು 2003ರಲ್ಲಿ ಹ್ವಾಂಗ್ ಸೂಚಿಸಿದರು. ಯಾವುದು ಹುಸಿ ಎಂದು ತಿಳಿಯದ ಈವ್ ಎಲ್ಲ ಮಿಡಿತಗಳನ್ನೂ ಒಂದೇ ರೀತಿ ನಡೆಸಿಕೊಳ್ಳಬೇಕಾಗುತ್ತದೆ, ಆಗ ಅವಳ ಕೈಚಳಕ ಎಣಿಕೆಯಲ್ಲಿ ಸಿಕ್ಕಿಬೀಳುತ್ತದೆ. ಈ ರಂಧ್ರ ಚೆನ್ನಾಗಿ ಮುಚ್ಚಿದೆ ಎನ್ನಬಹುದು.

ಮುಚ್ಚಲು ಕಷ್ಟವಾದದ್ದು ಟ್ರೋಜನ್ ಹಾರ್ಸ್ ದಾಳಿ. ಈವ್ ಹೊರಗಿನಿಂದ ಆಲಿಸ್‌ನ ಪೆಟ್ಟಿಗೆಯೊಳಕ್ಕೆ ಪ್ರಖರ ಬೆಳಕನ್ನು ತೂರಿಸುತ್ತಾಳೆ. ಅದು ಫೋಟಾನಿಗೆ ಸ್ಥಿತಿಯನ್ನು ಕೊಡುವ ಮಾಡ್ಯುಲೇಟರಿನ ಮೂಲಕ ಹಾದು, ಒಳಗಿನ ಯಾವುದೋ ಕನೆಕ್ಟರಿನ ಮೈಯಿಂದ ತುಸು ಪ್ರತಿಫಲಿಸಿ ಹಿಂದಕ್ಕೆ ಬರುವಾಗ, ಆಲಿಸ್ ಆ ಕ್ಷಣ ಆರಿಸಿದ್ದ ಸ್ಥಿತಿಯ ಗುರುತನ್ನು ಹೊತ್ತು ತರುತ್ತದೆ. ಪರಿಹಾರ ಐಸೊಲೇಟರ್, ಅಂದರೆ ಬೆಳಕನ್ನು ಒಂದೇ ದಿಕ್ಕಿಗೆ ಬಿಡುವ ಬಾಗಿಲು, ಜೊತೆಗೆ ಬೇರೆ ತರಂಗಾಂತರಗಳನ್ನು ತಡೆಯುವ ಫಿಲ್ಟರ್. ಆದರೆ ಹಲವು ವ್ಯಾಟ್ ಬೆಳಕು ಬಿದ್ದಾಗ ಐಸೊಲೇಟರಿನ ತಡೆಯುವ ಶಕ್ತಿಯೂ ಕುಗ್ಗುತ್ತದೆಂದು 2022ರಲ್ಲಿ ಪ್ರಕಟವಾಗಿದೆ. ಹೊರಬಾಗಿಲಿಗೇ ಇನ್ನೊಂದು ಐಸೊಲೇಟರನ್ನು ಬಲಿಪಶುವಾಗಿ ಜೋಡಿಸಿ, ಒಳಗಿನದನ್ನು ಕಾಪಾಡಬೇಕು.

ಮಲೆನಾಡಿಗ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಈ ಚರ್ಚೆಯನ್ನು ಮುದ್ರಿಸಿಕೊಂಡು ಮೂರು ಸಲ ಓದಿದೆ. ನಿನ್ನೆ ಪ್ರಸ್ತಾವದವರ ಪ್ರತಿನಿಧಿಯೊಬ್ಬರ ಬಳಿ ಡಿಟೆಕ್ಟರಿನ ಕರೆಂಟನ್ನು ಅಳೆಯುತ್ತೀರಾ ಎಂದು ಕೇಳಿದೆ. ಅವರು ದೋಷದ ಪ್ರಮಾಣ ಏರಿದರೆ ಅಲಾರಂ ಬರುತ್ತದೆ ಎಂದು ಉತ್ತರಿಸಿದರು. ಅದು ನನ್ನ ಪ್ರಶ್ನೆಗೆ ಉತ್ತರವಲ್ಲವೆಂದು ಒಂದು ವಾರದ ಹಿಂದೆ ನನಗೆ ತಿಳಿಯುತ್ತಿರಲಿಲ್ಲ. ಟಿಪ್ಪಣಿಯಲ್ಲಿ ಇನ್ನೇನನ್ನು ಸೇರಿಸಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ. ಮುಂದೆ ಈ ಲಿಂಕನ್ನು 300 ಕಿ.ಮೀ. ದೂರದ ಮೂರನೆಯ ಕೇಂದ್ರಕ್ಕೆ ವಿಸ್ತರಿಸುವ ಯೋಚನೆಯೂ ಇದೆ.

ಕಿರಣಮಾಪಕ

ದೋಷ ಏರದಂತೆ ಮಾಡುವುದೇ ಕುರುಡಾಗಿಸುವ ದಾಳಿಯ ಉದ್ದೇಶ, ಹಾಗಾಗಿ ಆ ಅಲಾರಂ ಈ ದಾಳಿಗೆ ಎಂದೂ ಮೊಳಗುವುದಿಲ್ಲ. ಅದನ್ನು ಅವರಿಗೆ ಬರವಣಿಗೆಯಲ್ಲೇ ತಿಳಿಸಿ, ಬರವಣಿಗೆಯಲ್ಲೇ ಉತ್ತರ ಕೇಳಿ.

ಜೊತೆಗೆ, ಇಂಥ ಸಾಧನಗಳ ಪರೀಕ್ಷೆಗೆಂದೇ 2023ರಲ್ಲಿ ಐಎಸ್‌ಒ/ಐಇಸಿ 23837 ಎಂಬ ಎರಡು ಭಾಗಗಳ ಮಾನಕ ಬಂದಿದೆ. ಅದರ ಪ್ರಕಾರ ಸ್ವತಂತ್ರ ಪ್ರಯೋಗಾಲಯವೊಂದು ನಿಮಗೆ ಮಾರುವ ಮಾದರಿಯನ್ನೇ ಪರೀಕ್ಷಿಸಿದೆಯೇ ಎಂದು ಕೇಳಿ, ಅದರ ಹಿಂದಿನ ಮಾದರಿಯ ವರದಿ ನಿಮಗೆ ಕೆಲಸಕ್ಕೆ ಬರುವುದಿಲ್ಲ. ನಮ್ಮ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ 6003.65 ಕೋಟಿ ರೂಪಾಯಿಯ ಒಪ್ಪಿಗೆ ಕೊಟ್ಟಿದೆ, ನಗರಗಳ ನಡುವೆ 2000 ಕಿ.ಮೀ. ಕೀಲಿ ಹಂಚಿಕೆ ಅದರ ಗುರಿಗಳಲ್ಲೊಂದು. ಅಷ್ಟು ಉದ್ದದ ಜಾಲ ಕಟ್ಟುವ ದೇಶದಲ್ಲಿ ಪೆಟ್ಟಿಗೆಗಳನ್ನು ಮುರಿದು ನೋಡುವುದನ್ನೇ ಕೆಲಸವಾಗಿಸಿಕೊಂಡ ಪ್ರಯೋಗಾಲಯಗಳೂ ಅಷ್ಟೇ ಗಂಭೀರವಾಗಿ ಬೆಳೆಯಬೇಕೆಂಬುದು ನನ್ನ ಬಲವಾದ ಆಸೆ.

300 ಕಿ.ಮೀ. ವಿಸ್ತರಣೆಯ ವಿಷಯ. ಒಳ್ಳೆಯ ಫೈಬರಿನಲ್ಲೂ ಕಿ.ಮೀ.ಗೆ ಸುಮಾರು 0.2 ಡೆಸಿಬೆಲ್ ನಷ್ಟವಿರುವುದರಿಂದ 100 ಕಿ.ಮೀ.ಗೆ ನೂರರಲ್ಲಿ ಒಂದು, 300 ಕಿ.ಮೀ.ಗೆ ಹತ್ತು ಲಕ್ಷದಲ್ಲಿ ಒಂದು ಫೋಟಾನ್ ಮಾತ್ರ ತಲಪುತ್ತದೆ. ಆದ್ದರಿಂದ ನಡುವೆ ವಿಶ್ವಾಸದ ಠಾಣೆಗಳನ್ನು ಕಟ್ಟುತ್ತಾರೆ. ಸುಮಾರು 2000 ಕಿ.ಮೀ. ಉದ್ದದ ಬೀಜಿಂಗ್-ಶಾಂಘೈ ಮಾರ್ಗದಲ್ಲಿ ಅಂಥ ಠಾಣೆಗಳು ಸಾಲುಸಾಲಾಗಿವೆ. ಮೇಡಂ ವಿವರಿಸಿದ ನಡುದಾರಿಯ ಠಾಣೆಗೂ ಇದಕ್ಕೂ ಹೆಸರಿನ ಹೋಲಿಕೆ ಬಿಟ್ಟರೆ ಏನೂ ಸಂಬಂಧವಿಲ್ಲ. ವಿಶ್ವಾಸದ ಠಾಣೆಯಲ್ಲಿ ಒಂದು ಕಡೆಯಿಂದ ಬಂದ ಕೀಲಿ ತೆರೆದ ರೂಪದಲ್ಲಿ ಯಂತ್ರದ ಮೆಮೊರಿಯಲ್ಲಿ ಕುಳಿತು, ಇನ್ನೊಂದು ಕಡೆಯ ಕೀಲಿಯೊಡನೆ ಕೂಡಿ ಮುಂದಕ್ಕೆ ಹೋಗುತ್ತದೆ. ಆ ಕ್ಷಣದಲ್ಲಿ ಅದನ್ನು ಯಾವ ಕ್ವಾಂಟಂ ನಿಯಮವೂ ಕಾಯುತ್ತಿರುವುದಿಲ್ಲ. ಆದ್ದರಿಂದ ಆ ಕೊಠಡಿ ಯಾರ ಕಟ್ಟಡದಲ್ಲಿರುತ್ತದೆ, ಅದರ ಬಾಗಿಲಿನ ಬೀಗದ ಕೈ ಎಷ್ಟು ಜನರ ಬಳಿ ಇರುತ್ತದೆ, ರಾತ್ರಿ ದುರಸ್ತಿಗೆ ಬಂದವರು ಯಂತ್ರದ ಮುಚ್ಚಳ ತೆರೆದರೆ ಒಳಗಿನ ಕೀಲಿಗಳು ತಾವಾಗಿಯೇ ಅಳಿಸಿಹೋಗುತ್ತವೆಯೇ ಎಂಬ ಮೂರು ಪ್ರಶ್ನೆಗಳನ್ನು ನಿಮ್ಮ ಟಿಪ್ಪಣಿಯ ಮೊದಲ ಪುಟದಲ್ಲೇ ಬರೆಯಿರಿ.